ಕಡಿಮೆ ಬಜೆಟ್‌ನ ಗೇಮಿಂಗ್ ಪಿಸಿಗೆ ಯಾವ ಪ್ರೊಸೆಸರ್ ತಗೋಬೇಕು?

ಗೇಮ್ ಆಡೋಕೆ ಅಂತಲೇ ಪಿಸಿ ಕಟ್ಟುತ್ತಿದ್ದರೆ ದುಡ್ಡಿನ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು, ಪ್ರೊಸೆಸರ್‌ಗಲ್ಲ. ಇಂಟೆಲ್ ಐ7 ಅನ್ನೋ ಹೆಸರಿಗೆ ಮರುಳಾಗಿ, ಕೊನೆಗೆ ಉಳಿದ ಚಿಲ್ಲರೆಯಲ್ಲಿ ಒಂದು ಬಡಕಲು ಕಾರ್ಡ್ ಹಾಕಿಕೊಂಡು, ಗೇಮ್ ಯಾಕೆ ಓಡ್ತಿಲ್ಲ ಅಂತ ತಲೆ ಕೆರೆದುಕೊಳ್ಳುವವರು ಜಾಸ್ತಿ.

ಹಾಗಂತ ತೀರಾ ಸಾಧಾರಣದ್ದೂ ಬೇಡ. 6 ಕೋರ್ (ಕೆಲಸ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೇ ನಡೆಸಬಲ್ಲ ಕೆಲಸದ ಸಾಲು) ಇದ್ದರೆ ನೆಮ್ಮದಿ. ಅಂಥವೇ ಎಎಂಡಿಯ ರೈಜನ್ 5 5600 ಮತ್ತು ಇಂಟೆಲ್‌ನ ಐ5-12400ಎಫ್, ಎರಡೂ 2022ರಲ್ಲಿ ಬಂದವು. ಹಳೆಯವೇ, ಆದರೆ 1080ಪಿ ಮಾನಿಟರ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಸಿಕ್ಕರೆ ಸಾಕು ಅನ್ನುವವರಿಗೆ ಧಾರಾಳ. ಇನ್ನೂ ಕೆಳಗಿಳಿಯಲೇಬೇಕು ಅಂದ್ರೆ 4 ಕೋರ್, 8 ಥ್ರೆಡ್‌ನ ಐ3-12100ಎಫ್ ಇದೆ. ವ್ಯಾಲೊರಂಟ್ ತರಹದ ಗೇಮ್‌ಗೆ ಏನೂ ತೊಂದರೆಯಿಲ್ಲ, ದೊಡ್ಡ ಹೊಸ ಗೇಮ್‌ಗಳಲ್ಲಿ ಮಾತ್ರ ಜನಜಂಗುಳಿ ಬಂದಾಗ ತಡವರಿಸುತ್ತದೆ.

ಹೆಸರಿನ ಕೊನೆಯ ಅಕ್ಷರ ಸರಿಯಾಗಿ ಓದಿ. ಇಂಟೆಲ್‌ನಲ್ಲಿ ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ನಾನೂ ಒಮ್ಮೆ ಕಾರ್ಡ್ ಆಮೇಲೆ ನೋಡಿಕೊಂಡರಾಯ್ತು ಅಂತ ಎಫ್ ತಂದು, ಕಪ್ಪು ಪರದೆ ಎದುರು ಅರ್ಧ ದಿನ ಕೂತಿದ್ದೆ. ಈಗಲೇ ಕಾರ್ಡ್ ಕೊಳ್ಳೋಕೆ ಆಗದಿದ್ದರೆ ರೈಜನ್ 5 5600ಜಿ ನೋಡಬಹುದು, ಅದರೊಳಗೆ ಗ್ರಾಫಿಕ್ಸ್ ಇದೆ. ಆದರೆ ಅದಕ್ಕೆ ಒಂದೇ ರ‍್ಯಾಮ್ ಹಾಕಬೇಡಿ, 8 ಜಿಬಿಯ ಎರಡು ಹಾಕಿ. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ನೆಚ್ಚಿಕೊಂಡಿರೋದರಿಂದ ಫ್ರೇಮ್ ಎಣಿಕೆಯಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇನ್ನು ರೈಜನ್ 5 5500. ಹೆಸರು ನೋಡಿದರೆ 5600ರ ತಮ್ಮನ ಹಾಗಿದೆ, ಅಲ್ವಾ? ಆದರೆ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಚಿಪ್ಪಿನೊಳಗೇ ಇರುವ ವೇಗದ ಮೆಮೊರಿ), ಇದರಲ್ಲಿ ಬರೀ 16. ಗೇಮ್‌ಗಳಿಗೆ ಕ್ಯಾಶ್ ಬಹಳ ಮುಖ್ಯ. ಮೇಲಾಗಿ ಕಾರ್ಡ್ ಜೊತೆ ಮಾತಾಡುವ ದಾರಿಯಾದ ಪಿಸಿಐಇಯಲ್ಲಿ ಇದು ಹಳೆಯ, ನಿಧಾನದ 3.0ಕ್ಕೇ ನಿಲ್ಲುತ್ತದೆ, ಆದ್ದರಿಂದ ಆರ್‌ಎಕ್ಸ್ 6500 ಎಕ್ಸ್‌ಟಿ ತರಹ ನಾಲ್ಕೇ ಲೇನ್ ಇರುವ ಕಾರ್ಡ್ ಜೊತೆ ಹಾಕಿದರೆ ಕಾರ್ಡ್ ಕೂಡ ಸೊರಗುತ್ತದೆ. ಬೆಲೆಯಲ್ಲಿ ಚೆನ್ನಾಗಿ ಉಳಿತಾಯ ಆಗದಿದ್ದರೆ ಸುಮ್ನೆ 5600 ತಗೊಳ್ಳಿ.

ಪ್ರೊಸೆಸರ್ ಒಂದರ ಬೆಲೆ ನೋಡಿ ತೀರ್ಮಾನ ಮಾಡಬೇಡಿ, ಮದರ್‌ಬೋರ್ಡ್ ಮತ್ತು ರ‍್ಯಾಮ್ ಸೇರಿಸಿ ಲೆಕ್ಕ ಹಾಕಿ. 5600, 5500 ಕೂರುವ ಎಎಂಡಿಯ ಎಎಂ4 ಸಾಕೆಟ್‌ಗೆ ಡಿಡಿಆರ್4 ರ‍್ಯಾಮ್. ಅದರ ನಂತರದ ಸಾಕೆಟ್ ಎಎಂ5ಕ್ಕೆ ಡಿಡಿಆರ್5 ಮಾತ್ರ. 12ನೇ ತಲೆಮಾರಿನ ಇಂಟೆಲ್‌ಗೆ ಎರಡೂ ನಡೆಯುತ್ತದೆ, ಆದರೆ ರ‍್ಯಾಮ್ ತರುವ ಮುಂಚೆ ಬೋರ್ಡ್ ಯಾವುದಕ್ಕೆ ಅಂತ ನೋಡಿಕೊಳ್ಳಿ. ಮುಂದೆ ಪ್ರೊಸೆಸರ್ ಮಾತ್ರ ಬದಲಾಯಿಸುವ ಆಸೆ ಇದ್ದರೆ ಎಎಂ5 ಒಳ್ಳೆಯದು. ಹಳೆಯ ಬಿ450 ಬೋರ್ಡ್‌ಗೆ 5600 ಹಾಕುವವರು ಮೊದಲು ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಕೊಳ್ಳಿ, ಇಲ್ಲಾಂದ್ರೆ ಆನ್ ಆಗದೇ ಇರಬಹುದು.

ಇರುವ ಪಿಸಿಯಲ್ಲೇ ಪ್ರೊಸೆಸರ್ ಬದಲಾಯಿಸುವ ಯೋಚನೆಯಾದರೆ, ಗೇಮ್ ಆಡುವಾಗ ರೆಸಲ್ಯೂಶನ್ ತಗ್ಗಿಸಿ ನೋಡಿ. ಫ್ರೇಮ್ ಏರಿದರೆ ಕಾರ್ಡ್ ಸೋತಿದೆ, ಏರದಿದ್ದರೆ ಹೆಚ್ಚಾಗಿ ಪ್ರೊಸೆಸರ್. ಪ್ರೊಸೆಸರ್ ಬಳಕೆ 40 ಪರ್ಸೆಂಟ್ ತೋರಿಸ್ತಿದೆ, ಅದಕ್ಕೇನೂ ಆಗಿಲ್ಲ ಅಂದುಕೊಳ್ಳಬೇಡಿ, ಒಂದೆರಡು ಕೋರ್ ಮಾತ್ರ ಉಸಿರುಗಟ್ಟಿ ಓಡುತ್ತಿರಬಹುದು.

ಹಳೇ ಎಎಂ4 ಚಿಪ್ ಬಿಚ್ಚುವ ಮುಂಚೆ ಪಿಸಿ ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ, ಚಿಪ್ ಮತ್ತು ಕೂಲರ್ ನಡುವಿನ ಪೇಸ್ಟ್ ಬೆಚ್ಚಗಿರುವಾಗಲೇ ಕೂಲರನ್ನ ಮೆಲ್ಲಗೆ ಆಚೀಚೆ ತಿರುಗಿಸಿ ತೆಗೆಯಿರಿ. ನೇರ ಎಳೆದರೆ ಚಿಪ್ಪೇ ಕಿತ್ತು ಬಂದು ಪಿನ್ ಬಾಗಬಹುದು.