ಬಸ್ಕಿಯಿಂದ ಬಂದ ಮಂಡಿನೋವು ಹೋದ ಬಗೆ

ದಿನಕ್ಕೆ ನೂರು ಬಸ್ಕಿ ಹೊಡೆಯುವ ಹಟಕ್ಕೆ ಬಿದ್ದ ಮೂರನೆಯ ವಾರದಲ್ಲಿ ನನ್ನ ಬಲಮಂಡಿಯ ಚಿಪ್ಪಿನ ಕೆಳಗೆ ಶುರುವಾದ ನೋವು, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾಗುವಷ್ಟು ಹೆಚ್ಚಿತು. ಮಂಡಿ ಸವೆದಿದೆಯೆಂದೇ ಹೆದರಿದ್ದೆ. ಆದರೆ ಮೊಬೈಲನ್ನು ಪಕ್ಕದ ಕುರ್ಚಿಯ ಮೇಲೆ ನಿಲ್ಲಿಸಿ ವಿಡಿಯೊ ತೆಗೆದು ನೋಡಿದಾಗ, ಕೆಳಗಿಳಿಯುತ್ತಿದ್ದಂತೆ ಹಿಮ್ಮಡಿ ನೆಲ ಬಿಟ್ಟು ಏಳುತ್ತಿದ್ದುದೂ ಮಂಡಿ ಒಳಕ್ಕೆ ವಾಲುತ್ತಿದ್ದುದೂ ಸ್ಪಷ್ಟವಾಗಿ ಕಂಡವು.

ದಿನವಿಡೀ ಕುರ್ಚಿಯಲ್ಲಿ ಕೂರುವ ನನ್ನ ಮೀನಖಂಡದ ಸ್ನಾಯು ಬಿಗಿದುಕೊಂಡಿದ್ದರಿಂದ ಪಾದದ ಕೀಲು ಸಾಕಷ್ಟು ಬಾಗದೆ, ಭಾರವೆಲ್ಲ ಮುಂಗಾಲಿಗೂ ಮಂಡಿಚಿಪ್ಪಿಗೂ ಸರಿಯುತ್ತಿತ್ತು. ಗೋಡೆಯಿಂದ ನಾಲ್ಕು ಬೆರಳು ದೂರ ಪಾದವಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಲು ಯತ್ನಿಸಿದರೆ ಇದು ತಿಳಿಯುತ್ತದೆ; ನನಗೆ ಬಲಗಾಲಿನಲ್ಲಿ ಎರಡು ಬೆರಳಿನ ದೂರವೂ ಸಾಧ್ಯವಾಗಲಿಲ್ಲ.

ಊತವಾಗಲಿ, ಮಂಡಿ ಸಿಕ್ಕಿಕೊಳ್ಳುವುದಾಗಲಿ ಇರದಿದ್ದುದರಿಂದ ಎರಡು ವಾರ ಬಸ್ಕಿ ನಿಲ್ಲಿಸಿ, ಬೆಳಿಗ್ಗೆ ಅದೇ ಗೋಡೆಯ ಮುಂದೆ ಮೀನಖಂಡವನ್ನು 30 ಸೆಕೆಂಡಿನಂತೆ 3 ಬಾರಿ ಹಿಗ್ಗಿಸಿದೆ. ಅನಂತರ ಮೆತ್ತನೆಯ ಶೂ ಕಳಚಿ, ಕುರ್ಚಿಯ ಅಂಚಿಗೆ ತಾಗಿ ಏಳುವ ಅರ್ಧ ಬಸ್ಕಿಯನ್ನು ವಾರಕ್ಕೆ ಮೂರೇ ದಿನ, ಹತ್ತರಂತೆ ಎರಡು ಸರದಿ ಮಾಡಿದೆ. ಮಂಡಿ ಕಾಲ್ಬೆರಳನ್ನು ದಾಟಲೇಬಾರದೆಂದು ಜಿಮ್‌ನಲ್ಲಿ ಕೇಳಿದ್ದ ಮಾತನ್ನು ಮಾತ್ರ ಕೈಬಿಟ್ಟೆ. ಹಿಮ್ಮಡಿ ನೆಲದಲ್ಲಿದ್ದರೆ ಮಂಡಿ ತುಸು ಮುಂದೆ ಬರುವುದು ಸಹಜವೇ. ಏಳನೆಯ ವಾರ ಗೋಡೆ ಹಿಡಿಯದೆ ಮೆಟ್ಟಿಲಿಳಿದೆ.