ಗಿರಾಕಿಯನ್ನಲ್ಲ, ಜೊತೆಗಾರನನ್ನು ಹುಡುಕಿದೆ: ರಫ್ತಿನಲ್ಲಿ ನನ್ನ ಅನುಭವ

ಹನ್ನೆರಡು ಜನ ಕೆಲಸ ಮಾಡುವ, ಪಂಪ್ ಸೀಲ್ (ಪಂಪಿನಿಂದ ದ್ರವ ಸೋರದಂತೆ ತಡೆಯುವ ಬಿಡಿಭಾಗ) ತಯಾರಿಸುವ ಘಟಕವೊಂದು ಉದ್ಯಮಿಗಳ ಅಂತರರಾಷ್ಟ್ರೀಯ ಜಾಲವೊಂದನ್ನು ನಂಬಿ ಹೊರದೇಶದಲ್ಲಿ ಮಾರಾಟ ಮಾಡುವುದು ಆಗದ ಮಾತು ಎಂದು ನಮ್ಮ ಲೆಕ್ಕಪರಿಶೋಧಕರೇ ಹೇಳಿದ್ದರು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು. ಸದಸ್ಯರ ಪಟ್ಟಿ ಹಿಡಿದು ಸುಮಾರು 300 ಪತ್ರ ಬರೆದೆ; ಉತ್ತರ ಬಂದದ್ದು ಹತ್ತೋ ಹನ್ನೊಂದೋ, ಆರ್ಡರ್ ಒಂದೂ ಇಲ್ಲ. ಎರಡು ಮೇಳಗಳಲ್ಲಿ ಮಳಿಗೆ ಹಾಕಿದ್ದಕ್ಕೆ ಆ ವರ್ಷದ ಲಾಭದ ಮೂರನೆಯ ಒಂದು ಪಾಲು ಕರಗಿತು. ಅಲ್ಲಿ ಸಿಕ್ಕ ಏಜೆಂಟನಿಗೆ ಕನಿಷ್ಠ ಖರೀದಿಯ ಷರತ್ತೇ ಇಲ್ಲದೆ ಮೂರು ವರ್ಷಗಳ ಏಕಮಾತ್ರ ಮಾರಾಟದ ಹಕ್ಕು ಬರೆದುಕೊಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು: ತಾನೂ ಮಾರಲಿಲ್ಲ, ಬೇರೆಯವರ ಮೂಲಕ ಮಾರಲು ನಮ್ಮನ್ನೂ ಬಿಡಲಿಲ್ಲ.

ಆಮೇಲೆ ಗಿರಾಕಿಗಳನ್ನು ಕೇಳುವುದನ್ನೇ ಬಿಟ್ಟೆ. ಅದೇ ಜಾಲದಲ್ಲಿ ಬೇರಿಂಗ್, ಗ್ಯಾಸ್ಕೆಟ್ ತಯಾರಿಸುವ, ಅಂದರೆ ನಮಗೆ ಪೈಪೋಟಿಯಲ್ಲದ, ಆದರೆ ನಮ್ಮ ಸೀಲು ಹೋಗಬೇಕಾದ ಪಂಪುಗಳಿಗೇ ಸರಕು ಒದಗಿಸುವ ಸಣ್ಣ ತಯಾರಕರನ್ನು ಹುಡುಕಿ, ಅವರ ವಿತರಕರಿಗೆ ನಮ್ಮನ್ನು ಪರಿಚಯಿಸಿದರೆ ನಮ್ಮ ಹಳೆಯ ಗಿರಾಕಿಗಳಿಗೆ ಅವರನ್ನು ಪರಿಚಯಿಸುವುದಾಗಿ ಬರೆದೆ. ನಲವತ್ತು ಪತ್ರಗಳಿಗೆ ಹದಿನಾಲ್ಕು ಉತ್ತರ ಬಂದವು. ಪತ್ರದ ಮೊದಲ ಸಾಲು ಏನಿತ್ತೆಂಬುದನ್ನು ಮಾತ್ರ ಇಲ್ಲಿ ಬಿಚ್ಚಿಡಲಾರೆ.

ಮೊದಲ ರವಾನೆ ಬಂದರಿನಲ್ಲೇ ಸಿಕ್ಕಿಬಿತ್ತು. ಮರದ ಪೆಟ್ಟಿಗೆಗಳು, ಮರದೊಳಗಿನ ಕೀಟಗಳು ದೇಶ ದಾಟದಂತೆ ತಡೆಯುವ ಅಂತರರಾಷ್ಟ್ರೀಯ ನಿಯಮವಾದ ಐಎಸ್‌ಪಿಎಂ 15ರ ಪ್ರಕಾರ, ತಿರುಳಿನವರೆಗೂ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಮುದ್ರೆ ಒತ್ತಿಸಿಕೊಂಡವೇ ಆಗಿದ್ದವು. ಆದರೆ ಒಂದರ ಹಲಗೆ ಸೀಳಿದ್ದನ್ನು ಕಂಡು ಬಡಗಿ ಮೂಲೆಯಲ್ಲಿದ್ದ ಹಸಿ ಹಲಗೆಯೊಂದನ್ನು ಹೊಡೆದುಬಿಟ್ಟಿದ್ದ, ಮುದ್ರೆಯಿದ್ದದ್ದು ಕಿತ್ತೆಸೆದ ಹಲಗೆಯ ಮೇಲೆ. ಗೋದಾಮಿನ ಬಾಡಿಗೆ, ಮರುಪ್ಯಾಕಿಂಗ್ ಸೇರಿ ಆ ರವಾನೆಯ ಲಾಭವೆಲ್ಲ ಹೋಯಿತು. ಎರಡನೆಯದರಲ್ಲಿ ಇನ್‌ವಾಯ್ಸಿನ ಸರಕಿನ ವಿವರಣೆ ಎಲ್.ಸಿ.ಯಲ್ಲಿ (ದಾಖಲೆಗಳು ಸರಿಯಿದ್ದರೆ ಹಣ ಕೊಡುವುದಾಗಿ ಖರೀದಿದಾರನ ಬ್ಯಾಂಕು ಕೊಡುವ ಖಾತರಿ ಪತ್ರ) ಇದ್ದುದಕ್ಕಿಂತ ಒಂದು ಪದ ಬೇರೆಯಾಗಿ, ಬ್ಯಾಂಕು ಎಲ್.ಸಿ.ಗಳ ಅಂತರರಾಷ್ಟ್ರೀಯ ನಿಯಮಾವಳಿಯಾದ ಯುಸಿಪಿ 600 ತೋರಿಸಿ ದಾಖಲೆಗಳನ್ನು ತಿರಸ್ಕರಿಸಿತು. ಈಗ ಎಲ್.ಸಿ. ತೆರೆಯುವ ಮೊದಲೇ ಅದರ ಕರಡು ತರಿಸಿಕೊಂಡು ಓದುತ್ತೇನೆ.

ನಡುವೆ ಮಾದರಿಗಳನ್ನು ಎಟಿಎ ಕಾರ್ನೆಟ್ (ಸರಕನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಹೊರದೇಶಕ್ಕೆ ಒಯ್ಯಲು ಬಿಡುವ ಕಸ್ಟಮ್ಸ್ ದಾಖಲೆ) ಮೇಲೆ ಒಯ್ದು ನೋಡಿದೆ. ಸುಂಕವೇನೋ ಉಳಿಯಿತು, ಆದರೆ ಒಯ್ದದ್ದನ್ನು ಮರಳಿ ತರಲೇಬೇಕಾದ್ದರಿಂದ, ಎರಡು ಸೀಲು ಇಲ್ಲೇ ಇರಲಿ, ಓಡಿಸಿ ನೋಡುತ್ತೇನೆ ಎಂದ ವಿತರಕನಿಗೆ ಬರಿಗೈ ತೋರಿಸಬೇಕಾಯಿತು. ಸೀಲಿನಂಥ ಅಗ್ಗದ ಸರಕಿಗೆ ಅದು ತಕ್ಕದ್ದಲ್ಲ.

ಈಗ ನಾಲ್ಕು ದೇಶಗಳಿಂದ ನಮ್ಮ ವಹಿವಾಟಿನ ಸುಮಾರು ಶೇ. 35 ಬರುತ್ತಿದೆ, ಗ್ಯಾಸ್ಕೆಟ್‌ನವರೊಂದಿಗೆ ಕಂಟೇನರ್ ಹಂಚಿಕೊಳ್ಳುವುದರಿಂದ ಸಾಗಣೆಯ ಖರ್ಚು ಹೆಚ್ಚುಕಡಿಮೆ ಅರ್ಧವಾಗಿದೆ. ಅನುಮಾನಪಟ್ಟಿದ್ದ ಲೆಕ್ಕಪರಿಶೋಧಕರು ತಮ್ಮ ಇನ್ನಿಬ್ಬರು ಕಕ್ಷಿದಾರರನ್ನು ನನ್ನ ಬಳಿ ಕಳುಹಿಸಿದ್ದಾರೆ. ವಿತರಕರು ಕೇಳುವ 90 ದಿನಗಳ ಉದ್ದರಿಗೆ ಬಂಡವಾಳ ಹೊಂದಿಸುವ ತಾಪತ್ರಯ ಮಾತ್ರ ಇನ್ನೂ ತಪ್ಪಿಲ್ಲ.