ಸಿ ಭಾಷೆಯ ವೊಲಟೈಲ್ (volatile) ಎಲ್ಲಿ ಬೇಕು, ಎಲ್ಲಿ ಸಾಲದು: ನನ್ನ ಅನುಭವ

ತೋಟದ ಪೈಪಿನಲ್ಲಿ ಎಷ್ಟು ನೀರು ಹರಿಯುತ್ತದೆ ಅಂತ ಅಳೆಯಲು ಎಟಿಮೆಗಾ 328ಪಿ ಚಿಪ್ ಹಾಕಿ ಒಂದು ಮೀಟರ್ ಮಾಡಿದೆ. ಸೆನ್ಸರ್‌ನಿಂದ ಪಲ್ಸ್ ಬಂದಾಗೆಲ್ಲ ಇಂಟರಪ್ಟ್ ಫಂಕ್ಷನ್ (ನಡೆಯುತ್ತಿರುವ ಕೆಲಸವನ್ನು ತಡೆದು ನಡುವೆ ಓಡುವ ಫಂಕ್ಷನ್) 'ಕೌಂಟ್' ಅನ್ನು ಒಂದು ಹೆಚ್ಚಿಸುತ್ತದೆ. ಟೈಮರ್ ಇಂಟರಪ್ಟ್ ಸೆಕೆಂಡಿಗೊಮ್ಮೆ 'ರೆಡಿ' ಎಂಬ ಫ್ಲ್ಯಾಗನ್ನು 1 ಮಾಡುತ್ತದೆ. ಮೇನ್ ಫಂಕ್ಷನ್ ಅದಕ್ಕಾಗಿ ಖಾಲಿ ವೈಲ್ ಲೂಪಿನಲ್ಲಿ ಕಾಯುತ್ತದೆ.

ಈ ಎರಡು ವೇರಿಯಬಲ್‌ಗಳಿಗೆ, 'ಇದು ಯಾವಾಗ ಬೇಕಾದರೂ ಬದಲಾಗಬಹುದು' ಎಂದು ಕಂಪೈಲರ್‌ಗೆ ಹೇಳುವ ವೊಲಟೈಲ್ ಎಂಬ ಪದ ಹಾಕಿ ಒಂದು ಸಲ, ಬೇಕಂತಲೇ ಹಾಕದೆ ಒಂದು ಸಲ ಕಂಪೈಲ್ ಮಾಡಿ, ಎರಡರ ಅಸೆಂಬ್ಲಿಯನ್ನೂ (ಚಿಪ್ ಓಡಿಸುವ ಇನ್‌ಸ್ಟ್ರಕ್ಷನ್‌ಗಳ ಪಟ್ಟಿ) ಪಕ್ಕಪಕ್ಕ ಇಟ್ಟು ನೋಡಿದೆ. ಆಪ್ಟಿಮೈಸೇಶನ್ (ಕಂಪೈಲರ್ ಕೋಡನ್ನು ಚುರುಕುಗೊಳಿಸುವುದು) ಇಲ್ಲದಾಗ ಎರಡೂ ಸರಿಯಾಗಿ ಓಡಿದವು. ಆಪ್ಟಿಮೈಸೇಶನ್ ಕೊಟ್ಟ ಕೂಡಲೇ ವೊಲಟೈಲ್ ಇಲ್ಲದ್ದು ಲೂಪಿನಲ್ಲೇ ಸಿಕ್ಕಿಕೊಂಡಿತು. ಜಿಸಿಸಿ ಕಂಪೈಲರ್ 'ರೆಡಿ'ಯನ್ನು ಒಂದೇ ಸಲ ಓದಿತ್ತು. ಸೊನ್ನೆ ಇದ್ದರೆ ಇದ್ದಲ್ಲಿಗೇ ಜಿಗಿಯುವ ಒಂದು ಜಂಪ್ ಇಟ್ಟಿತ್ತು. ಮೆಮೊರಿಯಲ್ಲಿ ಫ್ಲ್ಯಾಗ್ 1 ಆದರೂ ಮತ್ತೆ ಹೋಗಿ ನೋಡುವವರಿಲ್ಲ! ಇದು ಕಂಪೈಲರ್‌ನ ತಪ್ಪಲ್ಲ. ಲೂಪಿನೊಳಗೆ 'ರೆಡಿ'ಯನ್ನು ಬದಲಿಸುವ ಸಾಲೇ ಇಲ್ಲ, ಅಲ್ವಾ? ವೊಲಟೈಲ್ ಇದ್ದರೆ ಕೋಡಿನಲ್ಲಿ ಬರೆದ ಪ್ರತಿಯೊಂದು ಓದೂ, ಪ್ರತಿಯೊಂದು ಬರೆಯುವಿಕೆಯೂ ನಿಜವಾಗಿ ನಡೆಯಲೇಬೇಕು.

ಆದರೆ ವೊಲಟೈಲ್ ಕೊಡುವುದು ಅಷ್ಟೇ. 'ಕೌಂಟ್' 16 ಬಿಟ್‌ನದು, ಚಿಪ್ 8 ಬಿಟ್‌ನದು. ಹಾಗಾಗಿ ಓದಲು ಎರಡು ಇನ್‌ಸ್ಟ್ರಕ್ಷನ್ ಬೇಕು. ಕೌಂಟ್ 255 ಇದ್ದಾಗ ಕೆಳಗಿನ ಬೈಟ್ ಓದಿದೆವು ಅಂದುಕೊಳ್ಳಿ, 255 ಸಿಕ್ಕಿತು. ಅಷ್ಟರಲ್ಲಿ ಪಲ್ಸ್ ಬಂದು ಕೌಂಟ್ 256 ಆಯಿತು. ಈಗ ಮೇಲಿನ ಬೈಟ್ ಓದಿದರೆ 1. ಎರಡೂ ಸೇರಿ 511! ವೊಲಟೈಲ್ ಇದ್ದೂ ಇದು ಆಗುತ್ತದೆ. ಯಾವಾಗಲೋ ಒಮ್ಮೆ ಮಾತ್ರ ಆಗುವುದರಿಂದ ಹುಡುಕುವುದು ಬಲು ಕಷ್ಟ. ಅದಕ್ಕೇ ಈ ಬಗೆಯ ಚಿಪ್‌ಗಳ ಸಿ ಲೈಬ್ರರಿಯಾದ ಎವಿಆರ್ ಲಿಬ್‌ಸಿಯ ಅಟಾಮಿಕ್ ಬ್ಲಾಕ್ ಬಳಸಿದೆ. ಅದರೊಳಗೆ ಇರುವಷ್ಟು ಹೊತ್ತು ಇಂಟರಪ್ಟ್ ನಿಂತಿರುತ್ತದೆ. ಅಲ್ಲಿ ಕೌಂಟನ್ನು ಲೋಕಲ್ ವೇರಿಯಬಲ್‌ಗೆ ತೆಗೆದುಕೊಂಡು, ಸೊನ್ನೆ ಮಾಡಿ, ತಕ್ಷಣ ಹೊರಬರುತ್ತೇನೆ. ಲೆಕ್ಕಾಚಾರವೆಲ್ಲ ಆಮೇಲೆ, ಲೋಕಲ್ ವೇರಿಯಬಲ್ ಮೇಲೆ. 'ರೆಡಿ' ಒಂದೇ ಬೈಟ್, ಅದಕ್ಕೆ ಇದು ಬೇಕಿಲ್ಲ.

ಪಾಯಿಂಟರ್ (ಮೆಮೊರಿಯ ಒಂದು ವಿಳಾಸ ಇಟ್ಟುಕೊಳ್ಳುವ ವೇರಿಯಬಲ್) ಇದ್ದರೆ ನಕ್ಷತ್ರ (*) ಎಲ್ಲಿದೆ ನೋಡಿ. ವೊಲಟೈಲ್ ನಕ್ಷತ್ರದ ಎಡಕ್ಕಿದ್ದರೆ ಅದು ತೋರಿಸುವ ಜಾಗ ವೊಲಟೈಲ್, ಬಲಕ್ಕಿದ್ದರೆ ಪಾಯಿಂಟರೇ ವೊಲಟೈಲ್. ಹಾರ್ಡ್‌ವೇರ್ ರಿಜಿಸ್ಟರ್‌ಗೆ ಬೇಕಾದದ್ದು ಮೊದಲನೆಯದು.

ಆದರೆ ಪಿಸಿಯಲ್ಲಿ ಒಟ್ಟಿಗೆ ಓಡುವ ಎರಡು ಥ್ರೆಡ್‌ಗಳ ನಡುವೆ ವೊಲಟೈಲ್ ನೆಚ್ಚಿಕೊಳ್ಳಬೇಡಿ. ಪಕ್ಕದ ಸಾಮಾನ್ಯ ವೇರಿಯಬಲ್‌ಗಳ ಓದು ಬರಹ ಹಿಂದೆಮುಂದೆ ಆಗುವುದನ್ನು ಅದು ತಡೆಯುವುದಿಲ್ಲ. ಆ ಕೆಲಸಕ್ಕೆ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಗೆ ಬಿಡುವ ಬೀಗ) ಇದೆ, 2011ರ ಸಿ ಸ್ಟ್ಯಾಂಡರ್ಡ್‌ನಲ್ಲಿ ಬಂದ ಅಟಾಮಿಕ್ ಟೈಪ್‌ಗಳಿವೆ.